ಹದಿನಾರು ರಿಜಿಸ್ಟರ್, ಒಬ್ಬನೇ ಕಾರಕೂನ

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಕಾಟಾ ನೋಡಿಕೊಳ್ಳುವ ಕೆಲಸ ನನ್ನದು. ಕಾಟಾದ ಇಂಡಿಕೇಟರ್‌ಗೂ ಹೊರಗೆ ರೈತರಿಗೆ ತೂಕ ತೋರಿಸುವ ದೊಡ್ಡ ಡಿಸ್‌ಪ್ಲೇ ಬೋರ್ಡಿಗೂ ನಡುವೆ ಹಳೆಯ ಝೆಡ್80 ಪ್ರೊಸೆಸರ್ ಕಾರ್ಡ್ ಇದೆ. ಅದರಲ್ಲಿ ಸೀರಿಯಲ್ ಸಂವಹನಕ್ಕೆ, ಎಂದರೆ ಅಕ್ಷರಗಳನ್ನು ಒಂದೊಂದೇ ಬಿಟ್ ಆಗಿ ತಂತಿಯಲ್ಲಿ ಕಳುಹಿಸಿ ಪಡೆಯಲು, ಇರುವುದು ಎರಡು ಚಾನೆಲ್‌ನ ಝೆಡ್8530 ಚಿಪ್. ಎ ಚಾನೆಲ್‌ಗೆ ಇಂಡಿಕೇಟರ್, ಬಿ ಚಾನೆಲ್‌ಗೆ ದೂರದವರೆಗೆ ಸಂಕೇತ ಒಯ್ಯುವ ಆರ್‌ಎಸ್-485 ತಂತಿಯ ಮೂಲಕ ಬೋರ್ಡ್. ಪ್ರೋಗ್ರಾಮ್ ಇಟ್ಟಿದ್ದ ಇಪ್ರಾಮ್ ಚಿಪ್ ಕೆಟ್ಟು ಮೂಲ ಪ್ರೋಗ್ರಾಮ್ ಸಿಗದ ಕಾರಣ ನಾನೇ ಹೊಸದಾಗಿ ಬರೆದಿದ್ದೇನೆ, ಪ್ರತಿ ಕಳುಹಿಸಿದ್ದೇನೆ. ನಾಲ್ಕೇ ವಿಳಾಸಗಳಿರುವ ಚಿಪ್‌ನಲ್ಲಿ ಪ್ರತಿ ಚಾನೆಲ್‌ಗೆ ಹದಿನಾರು ರಿಜಿಸ್ಟರ್ (ಚಿಪ್ಪಿನ ಒಳಗಿನ ಪುಟ್ಟ ಖಾನೆಗಳು) ಎಲ್ಲಿ ಕುಳಿತಿವೆ? 4ನೆಯ ರಿಜಿಸ್ಟರ್‌ಗೆ ಹೆಕ್ಸ್ (ಹದಿನಾರರ ಎಣಿಕೆಯ) 44 ಬರೆದು ತಿರುಗಿ ಓದಿದರೆ 6ಸಿ ಬರುತ್ತದೆ. ಎರಡು ಚಿಪ್ ಬದಲಿಸಿದರೂ ಅದೇ. ಬೋರ್ಡ್ ಕುರುಡಾದಾಗ ಬಿ ಚಾನೆಲ್ ಒಂದನ್ನೇ ಮರುಪ್ರಾರಂಭಿಸಿದರೆ ಕಾಟಾದ ಕಡೆಯೂ ಸಾಯುತ್ತದೆ. ಅದಿರಲಿ, ದಿನಕ್ಕೆ ಎರಡು ಮೂರು ಸಲ ಕಾಟಾದ ಕಡೆ ತಾನಾಗಿಯೇ ಮೂಕವಾಗುತ್ತದೆ, ಕಾರ್ಡ್ ಆಫ್ ಮಾಡಿ ಆನ್ ಮಾಡಬೇಕು. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ. ಚಿಪ್ಪೇ ನಕಲಿಯೇ?

ಉತ್ತರ: ಚಿಪ್ ನಕಲಿಯಲ್ಲ, ಕೆಟ್ಟೂ ಇಲ್ಲ. ನಿಮ್ಮ 6ಸಿ ನೋಡಿದ ಕೂಡಲೇ ನನಗೆ ನಗು ಬಂತು, ಏಕೆಂದರೆ ಬೆಳಗಾವಿ ಉದ್ಯಮಬಾಗದ ನನ್ನ ಮೇಜಿನ ಮೇಲೆ ಇದೇ ಚಿಪ್ ನನಗೆ ಒಂದು ಇಡೀ ದಿನ ಇದಕ್ಕಿಂತ ದೊಡ್ಡ ಮಂಗಾಟ ಆಡಿಸಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ವಿಳಾಸದ ವಿಷಯ.

ಮೆಮೊರಿ ಚಿಪ್ ಬಳಸಿದವರಿಗೆ ವಿಳಾಸವೆಂದರೆ ಮನೆ ನಂಬರು. ನಂಬರು ಹೇಳಿದರೆ ಬಾಗಿಲು ತೆರೆಯುತ್ತದೆ, ಇಟ್ಟದ್ದು ಇಟ್ಟಲ್ಲೇ ಇರುತ್ತದೆ. 8530ರಲ್ಲಿ ಹಾಗಿಲ್ಲ. ನಲವತ್ತು ಕಾಲಿನ ಚಿಪ್ಪಿನಲ್ಲಿ ಎಂಟು ಕಾಲು ಡೇಟಾಗೆ, ಎರಡೂ ಚಾನೆಲ್‌ಗಳ ಮೋಡೆಮ್ ತಂತಿಗಳಿಗೆ, ಗಡಿಯಾರಗಳಿಗೆ, ಇಂಟರಪ್ಟ್‌ಗೆ (ಕೆಲಸದ ನಡುವೆ ಪ್ರೊಸೆಸರನ್ನು ಕೂಗಿ ಕರೆಯುವ ಸಂಕೇತಕ್ಕೆ) ಹಂಚಿದ ಮೇಲೆ ವಿಳಾಸಕ್ಕೆಂದು ಉಳಿದದ್ದು ಎರಡೇ ಕಾಲು. ಒಂದು, ಎ ಚಾನೆಲೋ ಬಿ ಚಾನೆಲೋ ಎಂದು ಹೇಳುತ್ತದೆ. ಇನ್ನೊಂದು, ಡೇಟಾವೋ ಕಂಟ್ರೋಲೋ ಎಂದು ಹೇಳುತ್ತದೆ. ಎರಡು ಎರಡಲ ನಾಲ್ಕು, ನಿಮ್ಮ ನಾಲ್ಕು ವಿಳಾಸ. ಹದಿನಾರು ರಿಜಿಸ್ಟರ್‌ಗಳೂ ಆ ಒಂದೇ ಕಂಟ್ರೋಲ್ ವಿಳಾಸದ ಹಿಂದೆ ಇವೆ.

ನಮ್ಮ ಕಡೆಯ ತಾಲ್ಲೂಕು ಕಚೇರಿಯ ದಫ್ತರದ ಕಿಟಕಿ ನೆನಪಿಸಿಕೊಳ್ಳಿ. ಒಳಗೆ ಕಪಾಟು ತುಂಬ ರಿಜಿಸ್ಟರ್, ಕಿಟಕಿಯಲ್ಲಿ ಒಬ್ಬ ಕಾರಕೂನ. ನೀವು ಮೊದಲು ನಂಬರ್ ಹೇಳಬೇಕು. ಅವನು ಆ ರಿಜಿಸ್ಟರ್ ಬಿಚ್ಚಿ ಬೆರಳಿಟ್ಟುಕೊಂಡು ನಿಲ್ಲುತ್ತಾನೆ. ನೀವು ಮುಂದೆ ಏನು ಹೇಳುತ್ತೀರೋ ಅದನ್ನು ಅಲ್ಲಿ ಬರೆದು, ರಿಜಿಸ್ಟರ್ ಮುಚ್ಚಿ, ನೀವು ಯಾರೆಂಬುದನ್ನೂ ಮರೆತುಬಿಡುತ್ತಾನೆ. ಮತ್ತೆ ಬೇಕೆಂದರೆ ಮತ್ತೆ ನಂಬರ್ ಹೇಳಿ. 8530ರಲ್ಲಿ ಆ ಬೆರಳಿಗೆ ಪಾಯಿಂಟರ್ ಎಂದು ಹೆಸರು. ಕಂಟ್ರೋಲ್ ವಿಳಾಸಕ್ಕೆ ಮೊದಲ ಸಲ ಬರೆದದ್ದು 0ನೆಯ ರಿಜಿಸ್ಟರ್‌ಗೆ ಹೋಗುತ್ತದೆ. ಅದರ ಕೆಳಗಿನ ಮೂರು ಬಿಟ್‌ಗಳೇ ಪಾಯಿಂಟರ್. ಎರಡನೆಯ ಸಲ ಬರೆದದ್ದು ಅಥವಾ ಓದಿದ್ದು ಪಾಯಿಂಟರ್ ತೋರಿಸಿದ ರಿಜಿಸ್ಟರ್‌ನದು. ಅದು ಮುಗಿದ ಕ್ಷಣ ಪಾಯಿಂಟರ್ ಸೊನ್ನೆಗೆ ಬರುತ್ತದೆ.

ಮೂರು ಬಿಟ್‌ಗಳಲ್ಲಿ ಏಳರವರೆಗೆ ಮಾತ್ರ ಎಣಿಸಬಹುದಲ್ಲ, ಎಂಟರಿಂದ ಹದಿನೈದಕ್ಕೆ ಏನು? ಪಾಯಿಂಟರ್‌ನ ಮೇಲಿನ ಮೂರು ಬಿಟ್‌ಗಳು ಆಜ್ಞೆಗೆ ಮೀಸಲು. ಆ ಆಜ್ಞೆಗಳಲ್ಲಿ ಒಂದರ ಅರ್ಥ 'ನಂಬರ್‌ಗೆ ಎಂಟು ಕೂಡಿಸಿಕೋ' ಎಂದು, ಅದರ ಸಂಕೇತ 001. ಝೈಲಾಗ್ ಕಂಪನಿಯ ವಿನ್ಯಾಸಕಾರರ ಜಾಣತನ ನೋಡಿ: ಒಂಬತ್ತನ್ನು ದ್ವಿಮಾನದಲ್ಲಿ ಬರೆದರೆ 1001. ಎಂಟರ ಬಿಟ್ ತಾನಾಗಿಯೇ ಆಜ್ಞೆಯ ಜಾಗದಲ್ಲಿ ಬಿದ್ದು 001 ಆಗುತ್ತದೆ. ಹಾಗಾಗಿ ಪ್ರೋಗ್ರಾಮ್ ಬರೆಯುವವನು ಒಂಬತ್ತೆಂದರೆ ಒಂಬತ್ತನ್ನೇ ಬರೆದರೆ ಸಾಕು, ಗುಟ್ಟು ಗೊತ್ತಿಲ್ಲದಿದ್ದರೂ ಕೆಲಸ ನಡೆಯುತ್ತದೆ. ಬೆಲೆ ಒಂದೇ, ಎಂಟರ ಮೇಲಿನ ರಿಜಿಸ್ಟರ್ ತೋರಿಸುವಾಗ ಜೊತೆಗೆ ಬೇರೆ ಆಜ್ಞೆ ಕೊಡಲು ಆಗುವುದಿಲ್ಲ. ಇದರ ಸೋದರ ಝೆಡ್8030ರಲ್ಲಿ ವಿಳಾಸವೂ ಡೇಟಾ ತಂತಿಗಳ ಮೇಲೆಯೇ ಬರುವುದರಿಂದ ಈ ಎರಡು ಹೆಜ್ಜೆಯ ಕುಣಿತವಿಲ್ಲ, ನೇರ ಪ್ರವೇಶ. ಆದರೆ ನಿಮ್ಮ ಕಾರ್ಡಿನ ಮೇಲೆ ಇರುವುದು ಅದಲ್ಲ.

ಈಗ 6ಸಿ. ಬರೆಯುವ ರಿಜಿಸ್ಟರ್ ಬೇರೆ, ಓದುವ ರಿಜಿಸ್ಟರ್ ಬೇರೆ. ನಂಬರ್ ಒಂದೇ ಇರಬಹುದು, ಪುಸ್ತಕ ಒಂದಲ್ಲ. ಕಚೇರಿಯಲ್ಲಿ ಅರ್ಜಿ ಕೊಟ್ಟು ಉತಾರ ಪಡೆಯುತ್ತೇವಲ್ಲ, ಕೊಟ್ಟ ಅರ್ಜಿಯೇ ಉತಾರವಾಗಿ ತಿರುಗಿ ಬರುತ್ತದೆಯೇ? ಬರೆಯುವ 4ರಲ್ಲಿ ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್), ಸ್ಟಾಪ್ ಬಿಟ್ (ಅಕ್ಷರ ಮುಗಿಯಿತೆಂಬ ಗುರುತು), ಗಡಿಯಾರದ ಗುಣಕ ಇರುತ್ತವೆ. ನಿಮ್ಮ 44 ಎಂದರೆ ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್, ಹದಿನಾರು ಪಟ್ಟು ಗಡಿಯಾರ. ಸರಿಯಾಗಿಯೇ ಇದೆ. ಆದರೆ ಓದುವ 4 ಎಂಬ ರಿಜಿಸ್ಟರ್ ಈ ಚಿಪ್‌ನಲ್ಲಿ ಇಲ್ಲವೇ ಇಲ್ಲ. ಕೇಳಿದರೆ ಓದುವ 0ಯನ್ನೇ ತೋರಿಸುತ್ತದೆ. ಹಾಗೆಯೇ 5 ಕೇಳಿದರೆ 1, 9 ಕೇಳಿದರೆ 13, 11 ಕೇಳಿದರೆ 15 ಸಿಗುತ್ತದೆ.

ಓದುವ 0 ಎಂದರೆ ಚಾನೆಲ್‌ನ ಈ ಕ್ಷಣದ ನಾಡಿ. ನಿಮ್ಮ 6ಸಿಯನ್ನು ಬಿಡಿಸಿದರೆ 0110 1100. ಬಲತುದಿಯ ಬಿಟ್ಟನ್ನು 0 ಎಂದು ಎಣಿಸಿದರೆ 2ನೆಯ ಬಿಟ್ ಎದ್ದಿದೆ, ಕಳುಹಿಸುವ ಬಫರ್ ಖಾಲಿ ಇದೆ. 3 ಎದ್ದಿದೆ, ಎದುರಿನವನು ಲೈನಿನಲ್ಲಿದ್ದಾನೆ ಎನ್ನುವ ಡಿಸಿಡಿ ತಂತಿ ಜೀವಂತ. 5 ಎದ್ದಿದೆ, ಕಳುಹಿಸಬಹುದು ಎನ್ನುವ ಸಿಟಿಎಸ್ ತಂತಿಯೂ ಜೀವಂತ. 6ನೆಯದು ಸಿಂಕ್ರನಸ್ ಸಂವಹನಕ್ಕೆ ಬೇಕಾದ ಒಂದು ಗುರುತು, ರೀಸೆಟ್ ಆದ ಮೇಲೆ ಎದ್ದೇ ಇರುತ್ತದೆ, ನಿಮಗೆ ಬೇಡ. 0ನೆಯ ಬಿಟ್ ಮಲಗಿದೆ, ಎಂದರೆ ಬಂದ ಅಕ್ಷರ ಯಾವುದೂ ಕಾಯುತ್ತಿಲ್ಲ. ನೀವು ದೋಷವೆಂದು ತಿಳಿದದ್ದು ನಿಜವಾಗಿ ಎ ಚಾನೆಲ್‌ನ ಆರೋಗ್ಯಪತ್ರ.

ನನ್ನ ದಿನ ಹಾಳಾದದ್ದು ಹೀಗೆ. ವರ್ಷಗಳ ಹಿಂದೆ ಇಂಥದೇ ಕಾರ್ಡ್ ಮೇಜಿನ ಮೇಲೆ, ಕೇಬಲ್ ಹಾಕದೆ, ಪರೀಕ್ಷೆ ಮಾಡುತ್ತಿದ್ದೆ. 4ಕ್ಕೆ 44 ಬರೆದೆ, ಓದಿದೆ, 44 ಬಂತು. ಸಂತೋಷದಿಂದ ಮುಂದೆ ಹೋದೆ. ಸಂವಹನ ಮಾತ್ರ ನಡೆಯಲೊಲ್ಲದು. ಸಂಜೆಯವರೆಗೆ ಬೆಸುಗೆ, ಕ್ರಿಸ್ಟಲ್, ಲೈನ್ ಡ್ರೈವರ್ ಎಲ್ಲವನ್ನೂ ಅನುಮಾನಿಸಿದೆ. ಕೊನೆಗೆ ಇಂಡಿಕೇಟರ್ ಕೇಬಲ್ ಚುಚ್ಚಿದಾಗ ಅದೇ 44 ಇದ್ದಕ್ಕಿದ್ದಂತೆ 6ಸಿ ಆಯಿತು. ಬರೆದಿಟ್ಟ ರಿಜಿಸ್ಟರ್ ಕೇಬಲ್ ಚುಚ್ಚಿದರೆ ಬದಲಾಗುತ್ತದೆಯೇ! ಆಗ ಬುದ್ಧಿ ಬಂತು. ಕೇಬಲ್ ಇಲ್ಲದಾಗ ಡಿಸಿಡಿ, ಸಿಟಿಎಸ್ ಎರಡೂ ಮಲಗಿರುತ್ತವೆ. 6ಸಿಯಲ್ಲಿ ಆ ಎರಡು ಬಿಟ್ ತೆಗೆದರೆ ಉಳಿಯುವುದು ಸರಿಯಾಗಿ 44. ನಾನು ಬರೆದ 44 ಎಲ್ಲೋ ಬೇರೆ ವಿಳಾಸಕ್ಕೆ ಹೋಗಿತ್ತು, ಓದಿದ 44 ಬೇರೆಯೇ ಒಂದು ಸಂಗತಿಯಾಗಿತ್ತು. ನಿಮಗೆ ಮೊದಲ ಸಲವೇ 6ಸಿ ಬಂದದ್ದು ಪುಣ್ಯ ಎನ್ನಬೇಕು.

ಬರೆದದ್ದನ್ನು ಓದಿಯೇ ನಂಬುತ್ತೇನೆ ಎನ್ನುವವರಿಗೆ 12 ಮತ್ತು 13 ಇವೆ. ಅವು ಬಾಡ್ ರೇಟ್, ಎಂದರೆ ಸಂವಹನದ ವೇಗ, ನಿರ್ಧರಿಸುವ ಸಂಖ್ಯೆಯ ಕೆಳ ಮತ್ತು ಮೇಲಿನ ಭಾಗಗಳು, ಬರೆದದ್ದು ಹಾಗೆಯೇ ತಿರುಗಿ ಬರುತ್ತದೆ. ನಿಮ್ಮ ಕಾರ್ಡಿನ ಕ್ರಿಸ್ಟಲ್ 4.9152 ಮೆಗಾಹರ್ಟ್ಸ್. ಅದನ್ನು 2, ಗಡಿಯಾರದ ಗುಣಕ 16 ಮತ್ತು ಬೇಕಾದ ವೇಗ 9600ರ ಗುಣಲಬ್ಧದಿಂದ ಭಾಗಿಸಿದರೆ 16, ಅದರಲ್ಲಿ 2 ಕಳೆದರೆ 14. ನೀವು 14 ಬರೆದಿದ್ದೀರಿ, ಸರಿ. ಎರಡು ಕಳೆಯುವುದನ್ನು ಮರೆತು 16 ಬರೆದಿದ್ದರೆ ವೇಗ 8533 ಆಗಿ ಕಸ ಬರುತ್ತಿತ್ತು.

ಬಿ ಚಾನೆಲ್ ಮುಟ್ಟಿದರೆ ಎ ಸಾಯುವ ಕಥೆಗೆ ಬರೋಣ. ಎರಡು ಚಾನೆಲ್ ಎಂದ ಮಾತ್ರಕ್ಕೆ ಎಲ್ಲವೂ ಎರಡೆರಡು ಇರುವುದಿಲ್ಲ. ಇಬ್ಬರು ಅಣ್ಣತಮ್ಮಂದಿರು ಬೇರೆಯಾಗಿ ಅಡುಗೆಮನೆ ಎರಡಾದರೂ ಬಾವಿ ಒಂದೇ ಉಳಿಯುತ್ತದಲ್ಲ, ಹಾಗೆ. 8530ರಲ್ಲಿ ಬರೆಯುವ 2 ಮತ್ತು 9 ಇಬ್ಬರಿಗೂ ಸೇರಿದವು. 2ರಲ್ಲಿ ಇಂಟರಪ್ಟ್ ವೆಕ್ಟರ್ (ಇಂಟರಪ್ಟ್ ಬಂದಾಗ ಪ್ರೊಸೆಸರ್‌ಗೆ ಕೊಡುವ ಗುರುತಿನ ಸಂಖ್ಯೆ), 9ರಲ್ಲಿ ಇಡೀ ಚಿಪ್‌ನ ಇಂಟರಪ್ಟ್ ಬೀಗದ ಕೈ ಮತ್ತು ರೀಸೆಟ್. ಓದುವ ಕಡೆಯಲ್ಲೂ ಇಂಥ ಸೊಟ್ಟಗಳಿವೆ. ಓದುವ 3, ಯಾರ ಇಂಟರಪ್ಟ್ ಬಾಕಿ ಇದೆ ಎಂಬ ಪಟ್ಟಿ, ಎರಡೂ ಚಾನೆಲ್‌ಗಳ ಸುದ್ದಿ ಇದ್ದರೂ ಎ ಕಿಟಕಿಯಲ್ಲಿ ಮಾತ್ರ ಸಿಗುತ್ತದೆ. ಓದುವ 2 ಎ ಕಿಟಕಿಯಲ್ಲಿ ವೆಕ್ಟರನ್ನು ಇದ್ದ ಹಾಗೆ ಕೊಡುತ್ತದೆ, ಬಿ ಕಿಟಕಿಯಲ್ಲಿ ಇಂಟರಪ್ಟ್‌ನ ಕಾರಣವನ್ನೂ ಬೆರೆಸಿ ಕೊಡುತ್ತದೆ.

ನೀವು ಕಾರ್ಡ್ ಆನ್ ಆದಾಗ ಬಳಸುವ ಪಟ್ಟಿಯನ್ನೇ ಬಿ ಚಾನೆಲ್‌ನ ಮರುಪ್ರಾರಂಭಕ್ಕೂ ಬಳಸಿದ್ದೀರಿ. ಅದರ ಮೊದಲ ಸಾಲು 9ಕ್ಕೆ ಹೆಕ್ಸ್ ಸಿ0. ಯಾವ ಕಿಟಕಿಯಿಂದ ಬರೆದರೂ ಸಿ0 ಎಂದರೆ ಇಡೀ ಚಿಪ್‌ಗೆ ರೀಸೆಟ್, ಎ ಚಾನೆಲ್‌ನ ಸಂಸಾರವೂ ಅದರಲ್ಲಿ ಹೋಯಿತು. ಬಿ ಒಂದಕ್ಕೇ ಎಂದರೆ ಮೇಲಿನ ಎರಡು ಬಿಟ್ 01 ಇರಬೇಕು, ಎ ಒಂದಕ್ಕೇ ಎಂದರೆ 10. ಹಾಗೆಂದು ಬರೀ 40 ಬರೆದೀರಿ, ಜೋಕೆ. ಅದೇ ರಿಜಿಸ್ಟರ್‌ನ 3ನೆಯ ಬಿಟ್ ಇಡೀ ಚಿಪ್‌ನ ಇಂಟರಪ್ಟ್ ಕೀಲಿ. 40 ಬರೆದರೆ ಆ ಬಿಟ್ ಸೊನ್ನೆಯಾಗಿ ಇಬ್ಬರೂ ಕಿವುಡಾಗುತ್ತಾರೆ. ನಿಮ್ಮ ಪ್ರೋಗ್ರಾಮ್‌ನಲ್ಲಿ 9ರ ನಿತ್ಯದ ಬೆಲೆ 0ಎ ಇದೆ, ಆದ್ದರಿಂದ 4ಎ ಬರೆಯಿರಿ. ನಿಜ ಹೇಳಬೇಕೆಂದರೆ ಬೋರ್ಡ್ ಕುರುಡಾದಾಗ ಚಾನೆಲ್ ರೀಸೆಟ್ ಮಾಡುವ ಅಗತ್ಯವೇ ನನಗೆ ಕಾಣುವುದಿಲ್ಲ. ಮುಂದಿನ ರೋಗ ವಾಸಿಯಾದರೆ ಬೋರ್ಡ್ ಕುರುಡಾಗುವುದೂ ನಿಲ್ಲುತ್ತದೆ ಎಂದು ನನ್ನ ಅಂದಾಜು.

ಆ ರೋಗವೇ ಅಸಲು ಮಾತು. ಕಾರಕೂನನ ಬಳಿಗೆ ಮತ್ತೆ ಹೋಗೋಣ. ಎ ಮತ್ತು ಬಿ ಎಂದು ಎರಡು ಕಿಟಕಿಗಳಿವೆ, ಆದರೆ ಒಳಗೆ ಕಾರಕೂನ ಒಬ್ಬನೇ, ಅವನ ಬೆರಳೂ ಒಂದೇ. ಪಾಯಿಂಟರ್ ಎರಡೂ ಚಾನೆಲ್‌ಗೆ ಸಾಮಾನ್ಯ. ಯಾವ ಚಾನೆಲ್‌ನ ರಿಜಿಸ್ಟರ್ ಎಂಬುದು ನಂಬರ್ ಹೇಳಿದಾಗ ಅಲ್ಲ, ಎರಡನೆಯ ಹೆಜ್ಜೆಯಲ್ಲಿ ಯಾವ ಕಿಟಕಿಗೆ ಬಂದಿರಿ ಎಂಬುದರ ಮೇಲೆ ತೀರ್ಮಾನವಾಗುತ್ತದೆ.

ನಿಮ್ಮ ಮುಖ್ಯ ಪ್ರೋಗ್ರಾಮ್ ಬೋರ್ಡಿಗೆ ತೂಕ ಕಳುಹಿಸುವ ಮುಂಚೆ 485 ಡ್ರೈವರನ್ನು ಕಳುಹಿಸುವ ಕಡೆಗೆ ತಿರುಗಿಸಲು ಬಿ ಚಾನೆಲ್‌ನ ಆರ್‌ಟಿಎಸ್ ಎಂಬ ನಿಯಂತ್ರಣ ತಂತಿಯನ್ನು ಎತ್ತುತ್ತದೆ. ಅದಕ್ಕಾಗಿ ಬಿ ಕಂಟ್ರೋಲ್‌ಗೆ 05, ಆಮೇಲೆ ಹೆಕ್ಸ್ ಇಎ. ಸೆಕೆಂಡಿಗೆ ಹಲವು ಸಲ ಇದು ನಡೆಯುತ್ತದೆ. ಈಗ 05 ಬರೆದಾಗಿದೆ, ಇಎ ಇನ್ನೂ ಬರೆದಿಲ್ಲ, ಸರಿಯಾಗಿ ಆ ಸಂದಿನಲ್ಲಿ ಇಂಡಿಕೇಟರ್‌ನಿಂದ ಒಂದು ಅಕ್ಷರ ಬಂದು ಇಂಟರಪ್ಟ್ ಎದ್ದಿತು ಎನ್ನಿ. ಇಂಟರಪ್ಟ್ ಭಾಗದ ಮೊದಲ ಕೆಲಸ ಓದುವ 3ನ್ನು ನೋಡುವುದು, ಅದಕ್ಕಾಗಿ ಎ ಕಂಟ್ರೋಲ್‌ಗೆ 03 ಬರೆಯುತ್ತದೆ. ಅದು ನಂಬರ್ ಎಂದುಕೊಂಡು ಬರೆದದ್ದು. ಕಾರಕೂನನ ಬೆರಳು ಮಾತ್ರ ಆಗಲೇ 5ರ ಮೇಲಿದೆ. ಅವನು 03ನ್ನು ಎ ಚಾನೆಲ್‌ನ 5ನೆಯ ರಿಜಿಸ್ಟರ್‌ನಲ್ಲಿ ಬರೆದು ಮುಚ್ಚಿಬಿಡುತ್ತಾನೆ.

5ನೆಯ ರಿಜಿಸ್ಟರ್ ಎಂದರೆ ಕಳುಹಿಸುವವನ ಗಂಟಲು. ಅಲ್ಲಿ ಇದ್ದ ಇಎ ಎಂದರೆ ಡಿಟಿಆರ್ ('ನಾನು ಸಿದ್ಧ' ಎನ್ನುವ ತಂತಿ) ಎದ್ದಿದೆ, ಎಂಟು ಬಿಟ್ ಅಕ್ಷರ, ಕಳುಹಿಸುವಿಕೆ ಚಾಲೂ, ಆರ್‌ಟಿಎಸ್ ಎದ್ದಿದೆ. ಅದರ ಜಾಗದಲ್ಲಿ 03 ಬಂದರೆ ಡಿಟಿಆರ್ ಬಿತ್ತು, ಅಕ್ಷರ ಐದು ಬಿಟ್ಟಿಗೆ ಇಳಿಯಿತು, ಕಳುಹಿಸುವಿಕೆ ಬಂದ್. ನಿಮ್ಮ ಇಂಡಿಕೇಟರ್ ಕೇಳಿದಾಗ ಮಾತ್ರ ತೂಕ ಹೇಳುವ ಜಾತಿಯದು. ಕಾರ್ಡಿಗೆ ಕೇಳುವ ಬಾಯಿಯೇ ಕಟ್ಟಿದ ಮೇಲೆ ಇಂಡಿಕೇಟರ್ ಏನು ಹೇಳೀತು? ಆಫ್ ಮಾಡಿ ಆನ್ ಮಾಡುವವರೆಗೆ ಎರಡೂ ಕಡೆ ಮೌನ.

ಅನಾಹುತ ಅಲ್ಲಿಗೂ ನಿಲ್ಲುವುದಿಲ್ಲ. ಇಂಟರಪ್ಟ್ ಮುಗಿಸಿ ಮುಖ್ಯ ಪ್ರೋಗ್ರಾಮ್ ಏನೂ ಆಗಿಲ್ಲವೆಂಬಂತೆ ಬಿ ಕಂಟ್ರೋಲ್‌ಗೆ ಇಎ ಬರೆಯುತ್ತದೆ. ಪಾಯಿಂಟರ್ ಈಗ ಸೊನ್ನೆ, ಹಾಗಾಗಿ ಇಎ ಬಿದ್ದದ್ದು 0ನೆಯ ರಿಜಿಸ್ಟರ್‌ಗೆ. ಅಲ್ಲಿ ಅದರ ಅರ್ಥವೇ ಬೇರೆ. ಕೆಳಗಿನ ಮೂರು ಬಿಟ್ 010, ಎಂದರೆ ಬೆರಳು ಈಗ 2ರ ಮೇಲೆ. ಮುಂದಿನ ಸಲ ಬರೆಯುವ 05 ವೆಕ್ಟರ್ ರಿಜಿಸ್ಟರ್‌ಗೆ ಹೋಯಿತು. ನಿಮ್ಮ ಕಾರ್ಡ್ ವೆಕ್ಟರ್ ಬಳಸುವುದಿಲ್ಲ, ಪಾರಾದಿರಿ. ಬಿಯ ಆರ್‌ಟಿಎಸ್ ಮಾತ್ರ ಆ ಸಲ ಏಳಲಿಲ್ಲ, ಡ್ರೈವರ್ ತಿರುಗಲಿಲ್ಲ, ಬೋರ್ಡ್ ಕುರುಡು. ಮುಂದಿನ ಅಕ್ಷರದ ಇಂಟರಪ್ಟ್ ಬಂದು ಅದೃಷ್ಟವಶಾತ್ ಬೆರಳನ್ನು ಸೊನ್ನೆಗೆ ತರುವವರೆಗೆ ಈ ಎಡವಟ್ಟು ಸಾಗುತ್ತದೆ. ಎ ಕಡೆ ಮೂಕವಾದ ಮೇಲೆ ಆ ಅಕ್ಷರವೇ ಬರುವುದಿಲ್ಲ ಎಂಬುದನ್ನೂ ಗಮನಿಸಿ.

ನನ್ನ ಮಾತನ್ನು ನಂಬುವ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಿ. ಚಿಪ್‌ನ ಕಾಲಿನಲ್ಲಿ ಡಿಟಿಆರ್, ಆರ್‌ಟಿಎಸ್ ಎರಡೂ ತಲೆಕೆಳಗು, ಎದ್ದಿರುವಾಗ ಸೊನ್ನೆ ವೋಲ್ಟ್ ಹತ್ತಿರ ಇರುತ್ತವೆ. ಸರಿಯಿದ್ದಾಗ ಎ ಚಾನೆಲ್‌ನ ಎರಡೂ ಕಾಲು ಕೆಳಗಿರುತ್ತವೆ. ಮುಂದಿನ ಸಲ ಕಾಟಾ ಮೂಕವಾದಾಗ ಆಫ್ ಮಾಡಲು ಓಡಬೇಡಿ, ಅರ್ಧ ನಿಮಿಷ ಟ್ರ್ಯಾಕ್ಟರ್‌ನವರ ಬೈಗುಳ ಸಹಿಸಿಕೊಂಡು ಆ ಎರಡು ಕಾಲು ಅಳೆಯಿರಿ. 03ರಲ್ಲಿ ಆರ್‌ಟಿಎಸ್ ಬಿಟ್ ಎದ್ದಿದೆ, ಡಿಟಿಆರ್ ಬಿಟ್ ಬಿದ್ದಿದೆ. ಆದ್ದರಿಂದ ಆರ್‌ಟಿಎಸ್ ಕೆಳಗೇ ಉಳಿದು ಡಿಟಿಆರ್ ಒಂದೇ ಮೇಲೆ ಹೋಗಿದ್ದರೆ ಅದು 03ರ ಹೆಬ್ಬೆಟ್ಟಿನ ಗುರುತು. ಎರಡೂ ಮೇಲಿದ್ದರೆ ಇಡೀ ಚಿಪ್ ರೀಸೆಟ್ ಆಗಿದೆ, ಆಗ ಪವರ್ ಸಪ್ಲೈ ಅಥವಾ ಮೇಲೆ ಹೇಳಿದ ಸಿ0 ಹುಡುಕಬೇಕು. ಎರಡೂ ಕೆಳಗೇ ಇದ್ದರೆ ನನ್ನ ತರ್ಕ ತಪ್ಪು, ಇಂಡಿಕೇಟರ್ ಕಡೆ ನೋಡಿ.

ಮದ್ದು ಸಣ್ಣದು. ನಂಬರ್ ಮತ್ತು ಬೆಲೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ನಡುವೆ ಯಾರೂ ಬಾಯಿ ಹಾಕಬಾರದು. ಝೆಡ್80ರಲ್ಲಿ ಜೋಡಿಯ ಮುಂಚೆ ಡಿಐ (ಇಂಟರಪ್ಟ್ ತಡೆಯುವ ಆಜ್ಞೆ), ನಂತರ ಇಐ (ಮತ್ತೆ ಬಿಡುವ ಆಜ್ಞೆ). ಪ್ರೋಗ್ರಾಮ್‌ನಲ್ಲಿ ಹದಿನೇಳು ಕಡೆ ಹೀಗೆ ಸಿಕ್ಕಿಸುವ ಬದಲು ರಿಜಿಸ್ಟರ್ ಬರೆಯುವ ಒಂದೇ ಸಬ್‌ರುಟೀನ್ ಮಾಡಿ, ಎಲ್ಲರೂ ಅದರ ಮೂಲಕವೇ ಹೋಗಲಿ. ಇಂಟರಪ್ಟ್ ಭಾಗದ ಒಳಗೆ ಮಾತ್ರ ಆ ಸಬ್‌ರುಟೀನ್ ಕರೆಯಬೇಡಿ, ಅದರ ಕೊನೆಯ ಇಐ ಅಕಾಲದಲ್ಲಿ ಬಾಗಿಲು ತೆರೆಯುತ್ತದೆ. ಇಂಟರಪ್ಟ್‌ಗೆ ಡಿಐ, ಇಐ ಇಲ್ಲದ ಇನ್ನೊಂದು ಪ್ರತಿ ಇರಲಿ. ಕಾರ್ಡ್ ಶುರುವಾದ ಕೂಡಲೇ, ಏನೂ ಬರೆಯುವ ಮುಂಚೆ, ಕಂಟ್ರೋಲ್ ವಿಳಾಸವನ್ನು ಒಮ್ಮೆ ಸುಮ್ಮನೆ ಓದಿ ಬಿಸಾಡಿ. ಬೆರಳು ಎಲ್ಲೇ ಇದ್ದರೂ ಆ ಓದಿನಿಂದ ಸೊನ್ನೆಗೆ ಬರುತ್ತದೆ.

ಇನ್ನೊಂದು ಅಭ್ಯಾಸ. 5ನ್ನು ತಿರುಗಿ ಓದಲಾಗದು ಎಂದು ಈಗ ಗೊತ್ತಾಯಿತಲ್ಲ. ಆರ್‌ಟಿಎಸ್ ಒಂದು ಬಿಟ್ ತಿರುಗಿಸಬೇಕೆಂದರೆ ಉಳಿದ ಏಳರ ಬೆಲೆ ನಿಮಗೇ ನೆನಪಿರಬೇಕು. ಪ್ರತಿ ಚಾನೆಲ್‌ನ 3, 5 ಮತ್ತು ಸಾಮಾನ್ಯದ 9, ಇಷ್ಟರ ನಕಲನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳಿ; ಮೊದಲು ನಕಲು ತಿದ್ದಿ, ಆಮೇಲೆ ಚಿಪ್‌ಗೆ ಬರೆಯಿರಿ. ನೀವು ಇಎ, ಇ8 ಎಂದು ಅಲ್ಲಲ್ಲಿ ಗಟ್ಟಿ ಸಂಖ್ಯೆ ಬರೆದಿದ್ದೀರಿ. ಸದ್ಯ ನಡೆಯುತ್ತದೆ, ನಾಳೆ ಬೋರ್ಡಿಗೆ ಏಳು ಬಿಟ್ ಬೇಕೆಂದರೆ ಎಲ್ಲಿ ಬದಲಿಸಬೇಕೆಂದು ಹುಡುಕುತ್ತ ಕೂರುತ್ತೀರಿ.

ಅಕ್ಷರ ಓದುವ ಕ್ರಮದಲ್ಲೂ ಒಂದು ತಿದ್ದುಪಡಿ ಬೇಕು. ನೀವು ಡೇಟಾ ಓದಿದ ಮೇಲೆ ಓದುವ 1ರಲ್ಲಿ ದೋಷ ನೋಡುತ್ತಿದ್ದೀರಿ. ಬಂದ ಅಕ್ಷರಗಳು ಮೂರರ ಸಾಲಿನಲ್ಲಿ ನಿಲ್ಲುತ್ತವೆ, ಪ್ರತಿ ಅಕ್ಷರದ ದೋಷದ ಚೀಟಿ ಅದರ ಪಕ್ಕದಲ್ಲೇ ಇರುತ್ತದೆ. ಅಕ್ಷರ ಎತ್ತಿಕೊಂಡರೆ ಚೀಟಿಯೂ ಹೋಯಿತು, ನೀವು ಓದುವುದು ಮುಂದಿನವನ ಚೀಟಿ. ಮೊದಲು 1 ಓದಿ, ಆಮೇಲೆ ಡೇಟಾ. ಪ್ಯಾರಿಟಿ ಮತ್ತು ಓವರ್‌ರನ್ (ಸಾಲು ತುಂಬಿ ಅಕ್ಷರ ಕಳೆದುಹೋದ) ದೋಷಗಳು ಒಮ್ಮೆ ಎದ್ದರೆ 0ಗೆ ಹೆಕ್ಸ್ 30 ಬರೆಯುವವರೆಗೆ ಇಳಿಯುವುದಿಲ್ಲ.

ಇಷ್ಟೆಲ್ಲ ತಲೆನೋವಿಗೆ ಬದಲು ನಾಲ್ಕು ಚಾನೆಲ್‌ನ 16ಸಿ554 ಹಾಕಿ ಹೊಸ ಕಾರ್ಡ್ ಮಾಡಲೇ ಎಂದು ನೀವು ಕೇಳಬಹುದು. ಅದರಲ್ಲಿ ಪ್ರತಿ ಚಾನೆಲ್‌ಗೆ ತನ್ನದೇ ಎಂಟು ವಿಳಾಸ, ಬೆರಳಿನ ಆಟವಿಲ್ಲ, ಹದಿನಾರು ಅಕ್ಷರದ ಸಾಲು. ಒಳ್ಳೆಯ ಚಿಪ್. ಆದರೆ ಅದರಲ್ಲೂ ಒಂದು ಕಳ್ಳಬಾಗಿಲಿದೆ. ಲೈನ್ ಕಂಟ್ರೋಲ್ ರಿಜಿಸ್ಟರ್‌ನ 7ನೆಯ ಬಿಟ್ ಎತ್ತಿದರೆ ಮೊದಲ ಎರಡು ವಿಳಾಸಗಳಲ್ಲಿ ಡೇಟಾ ಮತ್ತು ಇಂಟರಪ್ಟ್ ರಿಜಿಸ್ಟರ್‌ಗಳು ಮರೆಯಾಗಿ ಬಾಡ್ ರೇಟ್‌ನ ಭಾಜಕ ಕಾಣಿಸಿಕೊಳ್ಳುತ್ತದೆ. ಬಂದ ಅಕ್ಷರಗಳನ್ನು ಪ್ರಿಂಟರ್‌ಗೆ ದಾಟಿಸಲು ಒಂದು ಕಚೇರಿಗೆ ನಾನು ಮಾಡಿಕೊಟ್ಟ ಕಾರ್ಡಿನಲ್ಲಿ ಬಾಡ್ ರೇಟ್ ಬದಲಿಸುವಾಗ ಇಂಟರಪ್ಟ್ ನಿಲ್ಲಿಸಿರಲಿಲ್ಲ. ಆ ಬಿಟ್ ಎದ್ದಿರುವಾಗಲೇ ಅಕ್ಷರ ಬಂತು. ಇಂಟರಪ್ಟ್ ಭಾಗ ಅಕ್ಷರವೆಂದು ಓದಿದ್ದು ಭಾಜಕವನ್ನು. 1.8432 ಮೆಗಾಹರ್ಟ್ಸ್‌ಗೆ 9600ರ ಭಾಜಕ 12, ಹೆಕ್ಸ್‌ನಲ್ಲಿ 0ಸಿ. ಪ್ರಿಂಟರ್ ಭಾಷೆಯಲ್ಲಿ 0ಸಿ ಎಂದರೆ 'ಹಾಳೆ ಹೊರಗೆ ತಳ್ಳು'. ನಿಜವಾದ ಅಕ್ಷರ ಇನ್ನೂ ಓದದೆ ಉಳಿದಿದ್ದರಿಂದ ಇಂಟರಪ್ಟ್ ಭಾಗ ಮತ್ತೆ ಮತ್ತೆ ಓದಿತು, ಮತ್ತೆ ಮತ್ತೆ 12, ಮತ್ತೆ ಮತ್ತೆ ಖಾಲಿ ಹಾಳೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಪೆಟ್ಟಿಗೆಯ ಹಾಳೆಯನ್ನೆಲ್ಲ ನೆಲಕ್ಕೆ ಉಗುಳಿದ ಮೇಲೆ ನನಗೆ ಫೋನ್ ಬಂತು. ಅದಕ್ಕೇ ಹೇಳುವುದು, ಹಂಗಾಮಿನ ನಡುವೆ ಕಾರ್ಡ್ ಬದಲಿಸಬೇಡಿ, ಪರಿಚಿತ ದೆವ್ವವೇ ಮೇಲು. 1984ರ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನ ಎರಡು ಸೀರಿಯಲ್ ಪೋರ್ಟ್‌ಗಳನ್ನೂ ನಡೆಸಿದ್ದು ಇದೇ 8530.

ಕೊನೆಗೆ, ತೆಗೆದು ಪಕ್ಕಕ್ಕಿಟ್ಟಿದ್ದೀರಲ್ಲ ಆ ಎರಡು ಚಿಪ್, ಅವನ್ನು ಎಸೆಯಬೇಡಿ. ಕಾಟಾ ಬಂದ್ ಇರುವ ಹೊತ್ತಿನಲ್ಲಿ ಒಂದೊಂದಾಗಿ ಸಾಕೆಟ್‌ಗೆ ಹಾಕಿ, ಎರಡೂ ಚಾನೆಲ್‌ಗಳ 12ಕ್ಕೆ 55, ಆಮೇಲೆ ಎಎ ಬರೆದು ತಿರುಗಿ ಓದಿ. ಬರೆದದ್ದೇ ಬಂದರೆ ಕಪ್ಪು ಫೋಮ್‌ಗೆ ಚುಚ್ಚಿ ಡಬ್ಬಿಯಲ್ಲಿಡಿ. ಇಂಥ ಹಳೆಯ ಚಿಪ್ಪಿಗೆ ಮುಂದಿನ ಹಂಗಾಮಿನಲ್ಲಿ ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತದೆ.